ಇಂಗ್ಲೆಂಡಿನಲ್ಲಿ ಮಗುವಿನ ತಪಾಸಣೆಗಾಗಿ ಕ್ಯೂನಲ್ಲಿರುವವರು ರಜೆಗೆ ಊರಿಗೆ ಹೊರಡುವ ಮೊದಲು

ಜೂನ್ ಬಂತೆಂದರೆ ಇಲ್ಲಿನ ನಮ್ಮ ಜನರಲ್ಲಿ ಬೆಂಗಳೂರು ಟಿಕೆಟ್ಟಿನ ಮಾತು ಶುರು. ಅದೇ ಹೊತ್ತಿಗೆ ಹೊಸದಾಗಿ ಬಂದ ಯಾರಾದರೂ ಅಪ್ಪ-ಅಮ್ಮ ನನಗೆ ಫೋನ್ ಮಾಡುತ್ತಾರೆ. ಮಗುವಿಗೆ ಆಟಿಸಂ ಇರಬಹುದು ಅಂತ ಶಾಲೆಯವರು ಹೇಳಿದ್ದಾರೆ. ಜೊತೆಗೆ ಮಗು 'ನಾನು ಹುಡುಗಿ ಅಲ್ಲ' ಅಥವಾ 'ನಾನು ಹುಡುಗ ಅಲ್ಲ' ಅನ್ನುತ್ತಿದೆ. ನಿದ್ದೆ ಕೆಟ್ಟಿದೆ, ಶಾಲೆಗೆ ಹೋಗಲು ಒಪ್ಪುತ್ತಿಲ್ಲ. 'ಜಿಪಿ ರೆಫರ್ ಮಾಡಿದ್ದಾರೆ, ಕಾಯ್ತಾ ಇದ್ದೀವಿ' ಅನ್ನುತ್ತಾರೆ. ಜಿಪಿ ಅಂದರೆ ಇಲ್ಲಿನ ಕುಟುಂಬ ವೈದ್ಯರು. ಯಾವ ಕ್ಯೂನಲ್ಲಿ ಕಾಯ್ತಾ ಇದ್ದೀರಿ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಇಲ್ಲಿ ಕ್ಯೂ ಒಂದಲ್ಲ, ಮೂರು. ಆಟಿಸಂ ಪರೀಕ್ಷೆಗೆ ಒಂದು. ಆತಂಕ, ಖಿನ್ನತೆ, ಸ್ವಂತ ಮೈಗೆ ಗಾಯ ಮಾಡಿಕೊಳ್ಳುವಂಥ ತೊಂದರೆಗಳಿಗೆ ಮಕ್ಕಳ ಮಾನಸಿಕ ಆರೋಗ್ಯ ಸೇವೆ, ಅಂದರೆ ಕ್ಯಾಮ್ಸ್, ಎರಡನೆಯದು. ಲಿಂಗ ಗುರುತಿನ ವಿಷಯ ನೋಡುವ ವಿಶೇಷ ಸೇವೆ ಮೂರನೆಯದು. ಒಂದರಲ್ಲಿ ಹೆಸರಿದ್ದರೆ ಉಳಿದ ಎರಡರಲ್ಲಿ ತಾನಾಗಿಯೇ ಸೇರುವುದಿಲ್ಲ. ಜಿಪಿ ರಿಸೆಪ್ಷನ್ನಿಗೆ ಹೋಗಿ, ಯಾವ ರೆಫರಲ್ ಯಾವ ತಾರೀಕಿಗೆ ಎಲ್ಲಿಗೆ ಹೋಯಿತು ಅಂತ ಕೇಳಿ ಪ್ರಿಂಟ್ ತಗೊಳ್ಳಿ. ಕೇಳುವುದು ನಿಮ್ಮ ಹಕ್ಕು. ವೀಸಾ ಜೊತೆಗೆ ನಿಮ್ಮಲ್ಲಿ ಹೆಚ್ಚಿನವರು ಪ್ರತಿ ಮಗುವಿಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿರುತ್ತೀರಿ.

ಮೂರನೆಯ ಕ್ಯೂ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಮಾಹಿತಿ ಬಹಳಷ್ಟು ಹಳೆಯದು. 1989ರಲ್ಲಿ ಶುರುವಾಗಿ, ಆಮೇಲೆ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆ ನಡೆಸುತ್ತಿದ್ದ ಸೇವೆ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಇಂಥ ಸೇವೆಗಳ ಬಗ್ಗೆ ಮಕ್ಕಳ ತಜ್ಞೆ ಡಾ. ಹಿಲರಿ ಕ್ಯಾಸ್ ಅವರ ಅಂತಿಮ ವರದಿ ಮರು ತಿಂಗಳು ಬಂತು. ಈಗ ಲಂಡನ್, ವಾಯವ್ಯ ಇಂಗ್ಲೆಂಡ್, ಬ್ರಿಸ್ಟಲ್ ಮುಂತಾದ ಕಡೆ ಮಕ್ಕಳ ಆಸ್ಪತ್ರೆಗಳ ಜೊತೆ ಸೇರಿದ ತಂಡಗಳಿವೆ. 2024ರ ಸೆಪ್ಟೆಂಬರ್‌ನಿಂದ ಜಿಪಿ ನೇರವಾಗಿ ಅಲ್ಲಿಗೆ ಕಳಿಸುವಂತಿಲ್ಲ. ಶಾಲೆಯವರೂ ಕಳಿಸುವಂತಿಲ್ಲ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಕ್ಕಳ ವೈದ್ಯರು ಅಥವಾ ಕ್ಯಾಮ್ಸ್ ಮಾತ್ರ ಕಳಿಸಬಹುದು. ಹಾಗಾಗಿ ಎರಡನೆಯ ಬಾಗಿಲು ತೆರೆಯದೆ ಮೂರನೆಯದರ ಹತ್ತಿರ ಹೋಗುವುದೇ ಕಷ್ಟ. ಒಳಗೆ ಹೋದ ಮೇಲೂ ವರ್ಷಗಟ್ಟಲೆ ಕಾಯಬೇಕು. ಸ್ಕಾಟ್ಲೆಂಡಿನಲ್ಲಿ ವ್ಯವಸ್ಥೆಯೇ ಬೇರೆ. ನಾನು ಬರೆಯುತ್ತಿರುವುದು ಇಂಗ್ಲೆಂಡಿನ ಬಗ್ಗೆ ಮಾತ್ರ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ರೆಫರಲ್ ಹೋಯಿತು ಅಂದ ಮಾತ್ರಕ್ಕೆ ಕ್ಯೂನಲ್ಲಿ ಜಾಗ ಸಿಕ್ಕಿತು ಅಂತಲ್ಲ. ಸಿಕ್ಕ ಜಾಗ ಉಳಿಯುತ್ತದೆ ಅಂತಲೂ ಅಲ್ಲ.

ಜಿಪಿ ಬರೆದ ಪತ್ರದಲ್ಲಿ ವಿವರ ಸಾಲದು ಅನ್ನಿಸಿದರೆ ಕ್ಯಾಮ್ಸ್ ಅದನ್ನು ವಾಪಸ್ ಕಳಿಸಿಬಿಡುತ್ತದೆ. ಆ ಉತ್ತರ ಎಷ್ಟೋ ಸಲ ಜಿಪಿಯ ಕಂಪ್ಯೂಟರಿನಲ್ಲೇ ಕೂತಿರುತ್ತದೆ. ಪರಿಚಯದ ಒಂದು ಮನೆಯವರು ಸುಮಾರು ಒಂದು ವರ್ಷ ತಾಳ್ಮೆಯಿಂದ ಕಾದರು. ಕೊನೆಗೆ ಕೇಳಿದರೆ ಅವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ವರ್ಷವೆಲ್ಲ ಆ ಮಗು ಬಾತ್‌ರೂಮಿನ ಕನ್ನಡಿಗೆ ಟವೆಲ್ ಮುಚ್ಚಿ ಸ್ನಾನ ಮಾಡುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ರೆಫರಲ್ ಹೋಗಿ ಮೂರು ವಾರವಾದ ಮೇಲೆ ನೀವೇ ಫೋನ್ ಮಾಡಿ. 'ಸ್ವೀಕರಿಸಿದ್ದೀರಾ' ಅಂತಲೇ ಕೇಳಿ. 'ಬಂದಿದೆಯಾ' ಅಂತ ಕೇಳಿದರೆ ಬಂದಿದೆ ಅನ್ನುತ್ತಾರೆ, ಅಷ್ಟರಿಂದ ಏನೂ ತಿಳಿಯುವುದಿಲ್ಲ.

ಇನ್ನು ಸ್ವೀಕರಿಸಿದ ಮೇಲಿನ ಕಥೆ. ತಿಂಗಳುಗಟ್ಟಲೆ ಸದ್ದಿಲ್ಲ. ಆಮೇಲೆ ಒಂದು ಬಿಳಿ ಲಕೋಟೆ ಬಾಗಿಲ ಸಂದಿಯಿಂದ ಬೀಳುತ್ತದೆ, ಪಿಜ್ಜಾ ಅಂಗಡಿಯ ಕರಪತ್ರಗಳ ಮಧ್ಯೆ. ಎರಡನೆಯ ಪುಟದ ಕೆಳಗೆ, ಇನ್ನೂ ಈ ಸೇವೆ ಬೇಕಿದ್ದರೆ ಫೋನ್ ಮಾಡಿ, ಎರಡು ವಾರದಲ್ಲಿ ಉತ್ತರ ಬರದಿದ್ದರೆ ಬೇಡ ಅಂತ ತಿಳಿಯುತ್ತೇವೆ ಅಂತ ಇರುತ್ತದೆ. ಪತ್ರದ ಮೇಲಿನ ತಾರೀಕು ಅದಾಗಲೇ ವಾರದ ಹಿಂದಿನದು. ಜುಲೈ ಕೊನೆಯಲ್ಲಿ ಶಾಲೆ ಮುಚ್ಚಿದ್ದೇ ತಡ ನಾವು ಐದಾರು ವಾರ ಊರಿಗೆ ಹೋಗಿರುತ್ತೇವೆ. ಸೆಪ್ಟೆಂಬರ್‌ನಲ್ಲಿ ಬಂದು ನೋಡಿದರೆ ಮೂರು ಲಕೋಟೆ ಒಟ್ಟಿಗೆ: ಉತ್ತರ ಕೊಡಿ ಅನ್ನುವುದು, ನೆನಪಿನ ಪತ್ರ, ಹೆಸರು ತೆಗೆದಿದ್ದೇವೆ ಅನ್ನುವುದು. ಮತ್ತೆ ಜಿಪಿ, ಮತ್ತೆ ಮೊದಲಿನಿಂದ. ನಮ್ಮ ಜನ ಎಡವುವುದು ಇಲ್ಲೇ, ಮತ್ತೆ ಮತ್ತೆ. ಫ್ಲೈಟ್ ದುಡ್ಡು ಉಳಿಸಲು ತಿಂಗಳುಗಳ ಮುಂಚೆ ಯೋಚಿಸುತ್ತೇವೆ, ಎರಡು ವರ್ಷದ ಕ್ಯೂ ಒಂದು ರಜೆಯಲ್ಲಿ ಹೋಗಿಬಿಡುತ್ತದೆ.

ಹೊರಡುವ ಮೊದಲು ಆ ಸೇವೆಯ ಆಫೀಸಿಗೆ ಈಮೇಲ್ ಹಾಕಿ. ಹೋಗುವ ತಾರೀಕು, ಬರುವ ತಾರೀಕು, ಭಾರತದಲ್ಲಿ ಸಿಗುವ ನಂಬರ್ ಬರೆಯಿರಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಪಕ್ಕದ ಮನೆಯವರಿಗೋ ಸ್ನೇಹಿತರಿಗೋ ಕೀ ಕೊಟ್ಟು, ವಾರಕ್ಕೊಮ್ಮೆ ಪತ್ರಗಳ ಫೋಟೋ ಕಳಿಸಲು ಹೇಳಿ. ಇನ್ನೊಂದು, ಆಸ್ಪತ್ರೆಗಳ ಕರೆ ಎಷ್ಟೋ ಸಲ 'ನೋ ಕಾಲರ್ ಐಡಿ' ಅಂತ ಬರುತ್ತದೆ. ಮೋಸದ ಕರೆ ಅಂದುಕೊಂಡು ಕಟ್ ಮಾಡಬೇಡಿ. ಕ್ಯೂನಲ್ಲಿ ಇರುವಷ್ಟು ದಿನ ಎತ್ತಲೇಬೇಕು. ಹೆಸರು ತೆಗೆದುಬಿಟ್ಟಿದ್ದರೆ ಸುಮ್ನೆ ಹೊಸ ರೆಫರಲ್‌ಗೆ ಒಪ್ಪಿಕೊಳ್ಳಬೇಡಿ. ಮೂಲ ತಾರೀಕಿನಿಂದಲೇ ಮತ್ತೆ ಸೇರಿಸಿ ಅಂತ ಬರೆದು ಕೇಳಿ. ಆಗದಿದ್ದರೆ ಆ ಸೇವೆ ನಡೆಸುವ ಎನ್‌ಎಚ್‌ಎಸ್ ಟ್ರಸ್ಟಿನಲ್ಲಿ ರೋಗಿಗಳ ಅಹವಾಲು ಕೇಳುವ ಪಾಲ್ಸ್ ವಿಭಾಗಕ್ಕೆ ದೂರು ಕೊಡಿ. ಮನೆ ಬದಲಿಸಿ ಬೇರೆ ಕೌಂಟಿಗೆ ಹೋಗುವವರಿಗೂ ಇದೇ ಮಾತು. ಅಲ್ಲಿನ ಟ್ರಸ್ಟ್ ಬೇರೆ, ಪಟ್ಟಿ ಬೇರೆ. ಕೊಟ್ಟ ದಿನ ಮಗುವನ್ನು ಕರೆದುಕೊಂಡು ಹೋಗದಿದ್ದರೆ ತಂದೆ-ತಾಯಿ ಕರೆತರಲಿಲ್ಲ ಅಂತ ದಾಖಲಾಗುತ್ತದೆ. ಅದು ಪದೇ ಪದೇ ಆದರೆ ಮಕ್ಕಳ ರಕ್ಷಣೆಯ ಪ್ರಶ್ನೆಯೂ ಏಳಬಹುದು.

ಆಟಿಸಂ ಪರೀಕ್ಷೆಗೆ ಒಂದು ಅಡ್ಡದಾರಿ ಇದೆ, ಅದು ಕಾನೂನುಬದ್ಧ. 'ರೈಟ್ ಟು ಚೂಸ್' ಅಂತ ಜಿಪಿ ಹತ್ತಿರ ಕೇಳಿ. ಎನ್‌ಎಚ್‌ಎಸ್ ಒಪ್ಪಂದ ಇರುವ ಬೇರೆ ಸಂಸ್ಥೆಗೆ, ನೀವು ದುಡ್ಡು ಕೊಡದೆ, ಕಳಿಸಬಹುದು. ಕೈಯಿಂದ ಸಾವಿರಾರು ಪೌಂಡ್ ಕೊಟ್ಟು ಖಾಸಗಿಯಾಗಿ ಮಾಡಿಸುವ ಮೊದಲು, ಆ ವರದಿಯನ್ನು ನಿಮ್ಮ ಕ್ಯಾಮ್ಸ್ ಮತ್ತು ಕೌನ್ಸಿಲ್ (ಸ್ಥಳೀಯ ಆಡಳಿತ) ಒಪ್ಪುತ್ತವೆಯೇ ಅಂತ ಬರಹದಲ್ಲಿ ಕೇಳಿ. ಒಬ್ಬರೇ ತಜ್ಞರು ಒಂದೇ ವಿಡಿಯೋ ಕರೆಯಲ್ಲಿ ಕೊಟ್ಟ ವರದಿಗೆ ಇಲ್ಲಿ ಬೆಲೆ ಕಡಿಮೆ. ಶಾಲೆಯ ನೆರವಿಗೆ ಮಾತ್ರ ಯಾವ ವರದಿಗೂ ಕಾಯಬೇಕಿಲ್ಲ. ವಿಶೇಷ ನೆರವಿನ ಯೋಜನೆಗೆ, ಅಂದರೆ ಇಎಚ್‌ಸಿಪಿಗೆ, ತಂದೆ-ತಾಯಿಯೇ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಆಟಿಸಂ ಇದೆ ಅನ್ನುವ ಕಾಗದ ಅದಕ್ಕೆ ಕಡ್ಡಾಯವಲ್ಲ.

ಆಟಿಸಂ ಮತ್ತು ಲಿಂಗ ಗುರುತು ಜೊತೆಯಾಗಿ ಬರುವುದು ನಿಮ್ಮ ಮನೆಯಲ್ಲಿ ಮಾತ್ರವಲ್ಲ. ಕೇಂಬ್ರಿಡ್ಜ್ ಸಂಶೋಧಕರು 2020ರಲ್ಲಿ ಆರು ಲಕ್ಷಕ್ಕೂ ಜಾಸ್ತಿ ವಯಸ್ಕರ ಮಾಹಿತಿ ನೋಡಿದಾಗ, ಟ್ರಾನ್ಸ್ ಮತ್ತು ಅಂಥ ಇತರ ಗುರುತಿನವರಲ್ಲಿ ಆಟಿಸಂ ಇರುವ ಸಾಧ್ಯತೆ ಮೂರರಿಂದ ಆರು ಪಟ್ಟು ಹೆಚ್ಚಿತ್ತು. ಕಾರಣ ಇಂಥದ್ದೇ ಅಂತ ಯಾರೂ ಖಚಿತವಾಗಿ ಹೇಳಿಲ್ಲ. ಆದರೆ ತಜ್ಞರ ಮುಂದೆ ಕೂತಾಗ ಎರಡು ಕಡೆಯಿಂದಲೂ ಎಚ್ಚರ ಬೇಕು. 'ಅದೆಲ್ಲ ಆಟಿಸಂನಿಂದ ಬಂದದ್ದು' ಅಂತ ಮಗುವಿನ ಮಾತನ್ನು ತಳ್ಳಿಹಾಕಿದರೆ ತಪ್ಪು. ಲಿಂಗದ ಮಾತು ಬಂದ ಕೂಡಲೇ ಆಟಿಸಂ, ಖಿನ್ನತೆ, ಶಾಲೆಯ ಕಿರುಕುಳ ಎಲ್ಲವನ್ನೂ ಬದಿಗಿಟ್ಟರೂ ತಪ್ಪು. ಮೈಗೆ ಅಂಟುವ ಬಟ್ಟೆ, ಮುಟ್ಟಿನ ದಿನಗಳು, ಯಾರಾದರೂ ಕೂದಲು ಮುಟ್ಟುವುದು ಇಂಥವು ಆಟಿಸಂ ಇರುವ ಮಗುವಿಗೆ ಬೇರೆಯೇ ಹಿಂಸೆ ಕೊಡಬಹುದು. ಯಾವಾಗ, ಎಲ್ಲಿ ಜಾಸ್ತಿ ಆಗುತ್ತದೆ ಅಂತ ಬರೆದಿಡಿ. ಮಗು ಬಳಸಿದ ಮಾತನ್ನೇ ಬರೆಯಿರಿ, ನಿಮ್ಮ ವ್ಯಾಖ್ಯಾನ ಬೇಡ. 'ನಿನಗೆ ಹೇಗನ್ನಿಸುತ್ತೆ' ಅನ್ನುವ ದೊಡ್ಡ ಪ್ರಶ್ನೆಗೆ ಇಂಥ ಮಕ್ಕಳು ಎಷ್ಟೋ ಸಲ ಸುಮ್ಮನಾಗಿಬಿಡುತ್ತಾರೆ. ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಿ ಅಂತ ಕ್ಲಿನಿಕ್ಕಿಗೆ ಕೇಳಬಹುದು.

ಇಲ್ಲಿ ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತಾಡುತ್ತಾರೆ. ನಮ್ಮಲ್ಲಿ ಹಲವರಿಗೆ ಇದರಿಂದ ಕೋಪ ಬರುತ್ತದೆ. ನನಗೆ ಇದು ಇಲ್ಲಿನ ವ್ಯವಸ್ಥೆಯ ಅತಿ ಒಳ್ಳೆಯ ಭಾಗ. ಬೆಂಗಳೂರಿನಲ್ಲಿ ದುಡ್ಡಿದ್ದರೆ ವಾರದೊಳಗೆ ಮನೋವೈದ್ಯರು ಸಿಗುತ್ತಾರೆ, ಆ ವೇಗದ ಮುಂದೆ ಇಂಗ್ಲೆಂಡ್ ನಾಚಬೇಕು. ಆದರೆ ಅಲ್ಲಿ ಎಷ್ಟೋ ಕಡೆ ಕೋಣೆಯಲ್ಲಿ ಅಪ್ಪ, ಅಮ್ಮ, ದೊಡ್ಡಪ್ಪ ಎಲ್ಲರೂ ಇರುತ್ತಾರೆ, ಮಗು ಬಾಯಿ ಬಿಡುವುದಿಲ್ಲ.

ಹರೆಯದ ದೈಹಿಕ ಬದಲಾವಣೆಗಳನ್ನು ತಡೆಹಿಡಿಯುವ ಪ್ಯೂಬರ್ಟಿ ಬ್ಲಾಕರ್ ಔಷಧಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಲಿಂಗ ಗುರುತಿನ ವಿಷಯಕ್ಕಾಗಿ ಅವನ್ನು 18 ವರ್ಷದ ಒಳಗಿನವರಿಗೆ ಹೊಸದಾಗಿ ಖಾಸಗಿಯಾಗಿ ಕೊಡುವುದನ್ನು ಸರ್ಕಾರ 2024ರ ಮೇ ತಿಂಗಳಲ್ಲಿ ತಡೆಯಿತು. ಡಿಸೆಂಬರ್‌ನಲ್ಲಿ ಆ ನಿಷೇಧವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿ, 2027ರಲ್ಲಿ ಮರುಪರಿಶೀಲನೆ ಅಂತ ಹೇಳಿತು. ಊರಿನಿಂದ ಸೂಟ್‌ಕೇಸಿನಲ್ಲಿ ತರಬೇಡಿ, ಆನ್‌ಲೈನಿನಲ್ಲೂ ತರಿಸಬೇಡಿ. ಆರೋಗ್ಯದ ಅಪಾಯದ ಜೊತೆ ಕಾನೂನಿನ ತೊಂದರೆಯೂ ಇದೆ.

ಕಾಯುವ ಕಾಲದಲ್ಲಿ ಮಗು ಸಾಯುವ ಮಾತಾಡಿದರೆ ಯಾವ ಕ್ಯೂಗೂ ಕಾಯಬೇಡಿ. ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ 2 ಒತ್ತಿ, ಹಗಲು ರಾತ್ರಿ ಇರುತ್ತದೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 999. ಮಗು ತಾನೇ ಮಾತಾಡಲು ಚೈಲ್ಡ್‌ಲೈನ್ 0800 1111. ಮಾತಾಡಲು ಆಗದಿದ್ದರೆ 85258ಕ್ಕೆ ಮೆಸೇಜ್ ಮಾಡಬಹುದು.

ಊರಿಗೆ ಹೋದಾಗ ಮಗುವಿನ ಲಿಂಗ ಗುರುತನ್ನು 'ಸರಿ ಮಾಡಿಕೊಡುತ್ತೇವೆ' ಅನ್ನುವವರು ಸಿಗುತ್ತಾರೆ. ಡಾಕ್ಟರೇ ಹಾಗೆ ಹೇಳಿದರೂ ಎದ್ದು ಬನ್ನಿ. ಇಂಥ 'ಚಿಕಿತ್ಸೆ' ವೃತ್ತಿ ದುರ್ನಡತೆ ಅಂತ ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ನಿಜವಾಗಿ ಊರಿನಿಂದ ತರಬೇಕಾದ್ದು ಬೇರೆ ಇದೆ. ಆಟಿಸಂ ಪರೀಕ್ಷೆಯಲ್ಲಿ ಮಗುವಿನ ಮೊದಲ ನಾಲ್ಕೈದು ವರ್ಷದ ಬಗ್ಗೆ ಬಹಳ ಕೇಳುತ್ತಾರೆ: ಯಾವಾಗ ಮಾತಾಡಿತು, ಬೆರಳು ತೋರಿಸುತ್ತಿತ್ತೇ, ಯಾವ ಸದ್ದಿಗೆ ಕಿವಿ ಮುಚ್ಚುತ್ತಿತ್ತು, ಒಂಟಿಯಾಗಿ ಹೇಗೆ ಆಡುತ್ತಿತ್ತು. ಆಗ ಮಗುವನ್ನು ನೋಡಿಕೊಂಡ ಅಜ್ಜಿಯ ಹತ್ತಿರ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹಳೆಯ ವಿಡಿಯೋಗಳನ್ನೂ ತನ್ನಿ. ಇಲ್ಲಿ ಬಂದ ಮೇಲೆ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು, ಅಪಾಯಿಂಟ್‌ಮೆಂಟಿಗೆ ಮೊದಲೇ ಕಳಿಸಿಬಿಡಿ.