ಬೇರೆ ಊರಿನ ಓಟಕ್ಕೆ ಹಿಂದಿನ ದಿನವೇ ಹೋಗಿ

ಗೆಳೆಯರೇ, ಬೇರೆ ಊರಲ್ಲಿ 10 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದರೆ ಹಿಂದಿನ ದಿನ ಮಧ್ಯಾಹ್ನವೇ ಬಳ್ಳಾರಿ ಬಿಡಿ. ನಸುಕಿನಲ್ಲಿ ಬಸ್ಸಿಳಿದು ನೇರ ಓಡಿದರೆ ಕಾಲು ಬಿಗಿಯುತ್ತದೆ, ಊರನ್ನೂ ನೋಡಿದ ಹಾಗಾಗಲ್ಲ. ಸಂಜೆ ಬಿಬ್ (ಎದೆ ಮೇಲೆ ಹಾಕೋ ಓಟದ ನಂಬರ್ ಚೀಟಿ) ತಗೊಂಡು ಅಲ್ಲಿನ ಪೇಟೆಯಲ್ಲಿ ಸುಮ್ನೆ ಅರ್ಧ ಗಂಟೆ ಅಡ್ಡಾಡಿ. ಮಲಗುವ ಮುಂಚೆ ನಾಲ್ಕೂ ಮೂಲೆಗೆ ಪಿನ್ನು ಹಾಕಿ ಬಿಬ್ಬನ್ನು ಟೀ ಶರ್ಟಿಗೆ ಚುಚ್ಚಿಡಿ. ಶೂ ಮಾತ್ರ ಹಳೆಯದೇ ಇರಲಿ. ಒಮ್ಮೆ ಹೊಸ ಶೂ ಹಾಕಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಕೊನೆಯ 3 ಕಿ.ಮೀ. ನಡೆದೇ ಮುಗಿಸಿದೆ.

ಮರುದಿನ ರಜೆ ಇದ್ದರೆ ಬಿಡಬೇಡಿ! ಕೊಪ್ಪಳ ಕಡೆ ಹೋದವರು ಗಂಗಾವತಿ ಮೇಲೆ ಆನೆಗುಂದಿಗೆ ಹೋಗಿ. ಬೆಳಕು ಹರಿಯುವಾಗ ಹಳೇ ಕೋಟೆ ಬಾಗಿಲ ಹತ್ತಿರ ಶುರು ಮಾಡಿ, ಪಂಪಾ ಸರೋವರದ ಕಡೆ ನಿಧಾನ ಓಡಿ. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಭತ್ತದ ಗದ್ದೆ. ಕಾಲುವೆ ಪಕ್ಕ ಬಂದ ಕೂಡಲೇ ಗಾಳಿ ತಣ್ಣಗಾಗುತ್ತದೆ, ಮೈಗೇ ಗೊತ್ತಾಗುತ್ತದೆ. ಗಡಿಯಾರ ನೋಡಬೇಡಿ, ಜೊತೆಯವರ ಸಂಗಡ ಮಾತಾಡುತ್ತಾ ಓಡುವಷ್ಟು ವೇಗ ಸಾಕು. ಅಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ ಸುಮಾರು 575 ಮೆಟ್ಟಿಲು. ಅದನ್ನು ನಡೆದೇ ಹತ್ತಿ, ನಡೆದೇ ಇಳಿಯಿರಿ. ದಣಿದ ಮಂಡಿಗೆ ಇಳಿಯುವಾಗಲೇ ಜಾಸ್ತಿ ಪೆಟ್ಟು ಅಲ್ವಾ? ಬಿಸಿಲು ಚುರುಗುಟ್ಟುವ ಮೊದಲೇ ಇಳಿದು, ಬಿಸಿ ಮಿರ್ಚಿ ಜೊತೆ ಮಂಡಕ್ಕಿ ಒಗ್ಗರಣೆ ತಿನ್ನಿ.