ಎರಡನೆಯ ಪಟ್ಟೆಯ ಮುಂದಿನ ಅಂಚು

ಹಣ್ಣುನೊಣದ ಮೊಟ್ಟೆ ಅರ್ಧ ಮಿಲಿಮೀಟರಿನಷ್ಟು ಉದ್ದವಿರುತ್ತದೆ. ಮೊಟ್ಟೆಯಿಟ್ಟು ಮೂರು ಗಂಟೆಯಾಗುವ ಹೊತ್ತಿಗೆ ಅದರೊಳಗಿನ ಭ್ರೂಣದಲ್ಲಿ ಈವನ್-ಸ್ಕಿಪ್ಡ್ ಎಂಬ ಜೀನ್ ಏಳು ಅಡ್ಡಪಟ್ಟೆಗಳಲ್ಲಿ ಮಾತ್ರ ಸಕ್ರಿಯವಾಗಿರುತ್ತದೆ; ಪಟ್ಟೆಗಳ ನಡುವಿನ ಕೋಶಗಳಲ್ಲೂ ಅದೇ ಜೀನ್ ಇದ್ದರೂ ಅಲ್ಲಿ ಅದು ಸುಮ್ಮನಿರುತ್ತದೆ. ಮುಂದೆ ದೇಹವು ಖಂಡಖಂಡವಾಗಿ ರೂಪುಗೊಳ್ಳಲು ಇಂಥ ಪಟ್ಟೆಗಳೇ ಆಧಾರ. ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ನಾನು ಹೆಚ್ಚುಕಡಿಮೆ ಒಂದು ವರ್ಷವನ್ನು ಇವುಗಳಲ್ಲಿ ಎರಡನೆಯ ಪಟ್ಟೆಯೊಂದನ್ನೇ ನೋಡುತ್ತ ಕಳೆದೆ.

ಈ ಪಟ್ಟೆಯನ್ನು ಮೂಡಿಸುವುದು ಜೀನ್ ಆರಂಭವಾಗುವ ಜಾಗಕ್ಕಿಂತ ಸಾವಿರಕ್ಕೂ ಹೆಚ್ಚು ಅಕ್ಷರಗಳಷ್ಟು ಮೊದಲೇ ಇರುವ, ಸುಮಾರು 480 ಅಕ್ಷರಗಳ ಒಂದು ಡಿಎನ್‌ಎ ತುಂಡು, ಅಂದರೆ ಎನ್‌ಹ್ಯಾನ್ಸರ್. ಅದಕ್ಕೆ ನಾಲ್ಕು ಪ್ರೋಟೀನುಗಳು ಅಂಟುತ್ತವೆ. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಜೀನನ್ನು ಎಚ್ಚರಿಸುತ್ತವೆ, ಜೈಂಟ್ ಮತ್ತು ಕ್ರುಪೆಲ್ ಅದನ್ನು ಅದುಮಿಡುತ್ತವೆ. ಎಚ್ಚರಿಸುವ ಎರಡೂ ಭ್ರೂಣದ ಮುಂಭಾಗದುದ್ದಕ್ಕೂ ಹರಡಿರುವುದರಿಂದ, ಅವನ್ನಷ್ಟೇ ನಂಬಿದರೆ ಪಟ್ಟೆಯ ಬದಲು ಅಗಲವಾದ ಕಲೆಯೊಂದು ಮೂಡಬೇಕಾಗುತ್ತದೆ. ಹಾಗಾಗದಂತೆ ಮುಂದಿನಿಂದ ಜೈಂಟ್, ಹಿಂದಿನಿಂದ ಕ್ರುಪೆಲ್ ಒತ್ತಿ ಹಿಡಿದು, ನಡುವೆ ಕೆಲವೇ ಕೋಶಗಳಷ್ಟು ಅಗಲದ ಸಂದನ್ನು ಮಾತ್ರ ಉಳಿಸುತ್ತವೆ. ಪಾಠ ಓದಿದಾಗ ಇದು ನನಗೆ ಅರ್ಥವಾಗಿತ್ತು. ಕಣ್ಣಾರೆ ಕಾಣಲು ಮಾತ್ರ ಬಹಳ ಕಾಲ ಹಿಡಿಯಿತು.

ಪ್ರಯೋಗದ ವಿನ್ಯಾಸ ಸರಳವಾಗಿತ್ತು. ಈ ಎನ್‌ಹ್ಯಾನ್ಸರ್ ಎಲ್ಲಿ ಕೆಲಸ ಮಾಡುತ್ತಿದೆ ಎಂಬುದನ್ನು ತೋರಿಸುವ ಗುರುತಾಗಿ ಅದಕ್ಕೆ ಬ್ಯಾಕ್ಟೀರಿಯಾದ ಲ್ಯಾಕ್-ಜೆಡ್ ಜೀನನ್ನು ಜೋಡಿಸಿಕೊಂಡಿರುವ ಗಂಡುನೊಣಗಳನ್ನು, ಎಕ್ಸ್ ಕ್ರೋಮೋಸೋಮುಗಳಲ್ಲೊಂದರಲ್ಲಿ ಜೈಂಟ್ ಜೀನ್ ಕೆಟ್ಟಿರುವ ಹೆಣ್ಣುಗಳೊಂದಿಗೆ ಕೂಡಿಸಬೇಕು. ಗಂಡಿಗೆ ಇರುವುದು ತಾಯಿಯಿಂದ ಬಂದ ಒಂದೇ ಎಕ್ಸ್ ಆದ್ದರಿಂದ, ಹುಟ್ಟುವ ಗಂಡು ಭ್ರೂಣಗಳಲ್ಲಿ ಅರ್ಧ, ಅಂದರೆ ಒಟ್ಟು ಭ್ರೂಣಗಳಲ್ಲಿ ಕಾಲುಭಾಗ, ಜೈಂಟ್ ಇಲ್ಲದೆ ಬೆಳೆಯುತ್ತವೆ. ನೊಣಗಳ ಆಹಾರವನ್ನು ರವೆ, ಬೆಲ್ಲ, ಅಗರ್ ಮತ್ತು ಯೀಸ್ಟಿನಿಂದ ನಾವೇ ಕುದಿಸಿ ಮಾಡಿಕೊಳ್ಳುತ್ತಿದ್ದೆವು. ಮೈಸೂರು ವಿಶ್ವವಿದ್ಯಾನಿಲಯದ ಪ್ರಬಂಧಗಳಲ್ಲಿ ‘ವೀಟ್ ಕ್ರೀಮ್ ಅಗರ್’ ಎಂಬ ಗಂಭೀರ ಹೆಸರಿನಲ್ಲಿ ಅಚ್ಚಾಗುವುದು ಈ ಬಗೆಯ ರವೆ-ಬೆಲ್ಲದ ಪಾಕವೇ.

ಮೊದಲ ತಪ್ಪು ಬಣ್ಣದ ಆಯ್ಕೆಯಲ್ಲಿ ಆಯಿತು. ಲ್ಯಾಕ್-ಜೆಡ್ ತಯಾರಿಸುವ ಕಿಣ್ವವನ್ನು ಎಕ್ಸ್-ಗ್ಯಾಲ್ ಹಾಕಿ ನೀಲಿಯಾಗಿಸುವುದು ಸುಲಭವೆಂದು ಹಾಗೆಯೇ ಮಾಡಿದೆ. ಎಳೆಯ ಭ್ರೂಣಗಳಲ್ಲಿ ಬಣ್ಣ ಕಂಡೂ ಕಾಣದಂತಿತ್ತು, ಬಲಿತವುಗಳಲ್ಲಿ ಅಂಚಿಲ್ಲದ ನೀಲಿ ಮಸುಕು. ಪ್ರೋಟೀನ್ ತಯಾರಾಗಲು ಸಮಯ ಬೇಕು, ಒಮ್ಮೆ ತಯಾರಾದ ಈ ಕಿಣ್ವವಾದರೋ ಜೀನ್ ನಿಂತ ಮೇಲೂ ಬಹಳ ಹೊತ್ತು ಉಳಿದಿರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾನು ನೋಡುತ್ತಿದ್ದದ್ದು ಜೀನ್ ಹಿಂದೆ ಎಲ್ಲೆಲ್ಲಿ ನಡೆದಿತ್ತು ಎಂಬುದನ್ನು. ನೋಡಬೇಕಾಗಿದ್ದದ್ದು ಈಗ ಎಲ್ಲಿ ನಡೆಯುತ್ತಿದೆ ಎಂಬುದನ್ನು. ಅದಕ್ಕೆ ಜೀನ್ ನಡೆಯುವಾಗ ತಯಾರಾಗುವ ಅದರ ನಕಲಾದ ಆರ್‌ಎನ್‌ಎಯನ್ನೇ ಹಿಡಿಯಬೇಕು.

ಆದ್ದರಿಂದ ಆರ್‌ಎನ್‌ಎಯನ್ನು ಅದು ಇರುವ ಜಾಗದಲ್ಲೇ ಗುರುತಿಸುವ ಇನ್-ಸಿಟು ವಿಧಾನಕ್ಕೆ ಬಂದೆ. ಭ್ರೂಣಗಳ ಹೊರಸಿಪ್ಪೆಯನ್ನು ಬ್ಲೀಚಿನಲ್ಲಿ ಕರಗಿಸಿ, ಹೆಪ್ಟೇನ್ ಮತ್ತು ಫಾರ್ಮಾಲ್ಡಿಹೈಡ್ ಮಿಶ್ರಣದಲ್ಲಿ ಅವನ್ನು ಸ್ಥಿರಗೊಳಿಸಿ, ಮೆಥನಾಲ್ ಸುರಿದು ಜೋರಾಗಿ ಕುಲುಕಿದರೆ, ಒಳಪೊರೆ ಕಳಚಿದ ಭ್ರೂಣಗಳು ತಳಕ್ಕೆ ಇಳಿಯುತ್ತವೆ, ಕಳಚದವು ಎರಡು ದ್ರವಗಳ ನಡುವೆ ತೇಲುತ್ತವೆ. ತಳದವನ್ನು ಮಾತ್ರ ಇಟ್ಟುಕೊಳ್ಳಬೇಕು. ಬಳಿಕ ಲ್ಯಾಕ್-ಜೆಡ್ ಆರ್‌ಎನ್‌ಎಗೆ ಹೊಂದಿ ಅಂಟಿಕೊಳ್ಳುವ, ಗುರುತು ಹಚ್ಚಿದ ತುಣುಕುಗಳ (ಪ್ರೋಬ್) ದ್ರಾವಣದಲ್ಲಿ ಅವನ್ನು ರಾತ್ರಿಯಿಡೀ ಬಿಸಿಯಲ್ಲಿ ಇಡುತ್ತಿದ್ದೆ. ಮರುದಿನ ಆ ಗುರುತಿಗೆ ಅಂಟುವ ಪ್ರತಿಕಾಯ ಸೇರಿಸಿ ತೊಳೆದು, ಕೊನೆಗೆ ನೇರಳೆ ಬಣ್ಣ ಬರಿಸುವ ಹಂತದಲ್ಲಿ ಸೂಕ್ಷ್ಮದರ್ಶಕ ಬಿಟ್ಟು ಏಳುವಂತಿರಲಿಲ್ಲ, ಏಕೆಂದರೆ ಸ್ವಲ್ಪ ತಡವಾದರೂ ಭ್ರೂಣವೆಲ್ಲ ನೇರಳೆಯಾಗುತ್ತಿತ್ತು.

ಇಷ್ಟಾದರೂ ತಟ್ಟೆಯಲ್ಲಿ ಬೇಕಾದ ವಯಸ್ಸಿನ ಭ್ರೂಣಗಳಿಗಿಂತ ಬಲಿತವೇ ಹೆಚ್ಚು ಸಿಗುತ್ತಿದ್ದವು. 25 ಡಿಗ್ರಿಯಲ್ಲಿ ಒಂದು ಗಂಟೆ ಮೊಟ್ಟೆ ಇಡಿಸಿ, ಎರಡು ಗಂಟೆ ಬೆಳೆಸಿದರೆ ಎಲ್ಲವೂ ಎರಡರಿಂದ ಮೂರು ಗಂಟೆಯವಾಗಿರಬೇಕಿತ್ತು. ಕಾರಣ ತಿಳಿದದ್ದು ತಿಂಗಳ ನಂತರ: ಮೊಟ್ಟೆಯಿಡಲು ಒಳ್ಳೆಯ ಜಾಗ ಸಿಗದ ಹೆಣ್ಣುನೊಣ ಫಲಿತ ಮೊಟ್ಟೆಯನ್ನು ಹೊಟ್ಟೆಯಲ್ಲೇ ಉಳಿಸಿಕೊಳ್ಳುತ್ತದೆ, ಭ್ರೂಣ ಅಲ್ಲಿಯೇ ಬೆಳೆಯತೊಡಗುತ್ತದೆ. ತಾಜಾ ಯೀಸ್ಟ್ ಸವರಿದ ಹಣ್ಣಿನ ರಸದ ತಟ್ಟೆಯನ್ನಿಟ್ಟು, ಮೊದಲ ಗಂಟೆಯ ಮೊಟ್ಟೆಗಳನ್ನು ಎಸೆದುಬಿಡಲಾರಂಭಿಸಿದ ಮೇಲೆ ಈ ತೊಂದರೆ ತಪ್ಪಿತು.

ಕೊನೆಗೆ ಒಂದು ಸಂಜೆ ಸ್ಲೈಡಿನಲ್ಲಿ ಎರಡು ಬಗೆಯ ಭ್ರೂಣಗಳು ಅಕ್ಕಪಕ್ಕದಲ್ಲಿ ಕಂಡವು. ಒಂದರಲ್ಲಿ ಗೆರೆ ಎಳೆದಂಥ ಕಿರಿದಾದ ಪಟ್ಟೆ; ಇನ್ನೊಂದರಲ್ಲಿ ಹಿಂದಿನ ಅಂಚು ಚೂಪಾಗಿಯೇ ಉಳಿದು, ಮುಂದಿನ ಅಂಚು ತಲೆಯ ಕಡೆಗೆ ಹರಡಿಕೊಂಡಿತ್ತು. ಸಂಭ್ರಮದಿಂದ ತೋರಿಸಿದಾಗ ಮಾರ್ಗದರ್ಶಕರು, “ಇದು ಜೈಂಟ್ ಇಲ್ಲದ ಭ್ರೂಣವೇ ಅಂತ ಹೇಗೆ ಹೇಳ್ತೀರಿ?” ಎಂದರು. ಪಟ್ಟೆ ಹರಡಿದೆಯಲ್ಲ ಎಂದು ಹೇಳಹೊರಟವನಿಗೆ, ಸಾಬೀತುಪಡಿಸಬೇಕಾದುದನ್ನೇ ಸಾಕ್ಷಿಯಾಗಿ ಒಡ್ಡುತ್ತಿದ್ದೇನೆಂದು ಹೊಳೆದು ಬಾಯಿ ಕಟ್ಟಿತು. ಅದೇ ಗಂಡುಗಳನ್ನು ಸಾಮಾನ್ಯ ಹೆಣ್ಣುಗಳೊಂದಿಗೆ ಕೂಡಿಸಿ ಎಲ್ಲವನ್ನೂ ಮತ್ತೆ ಮಾಡಿದೆ. ಆ ಸ್ಲೈಡುಗಳಲ್ಲಿ ಹರಡಿದ ಪಟ್ಟೆ ಒಂದೂ ಇರಲಿಲ್ಲ. ಮೊದಲಿನ ಜೋಡಿಯ ಸಂತಾನದಲ್ಲಿ ಅದು ಹೆಚ್ಚುಕಡಿಮೆ ಕಾಲುಭಾಗದಷ್ಟಿತ್ತು.

ಎಣಿಸುವಾಗ ಇನ್ನೊಂದನ್ನು ಗಮನಿಸಿದೆ. ಬೈಕಾಯ್ಡ್ ಅತ್ಯಂತ ದಟ್ಟವಾಗಿರುವುದು ಭ್ರೂಣದ ಮುಂತುದಿಯಲ್ಲಿ. ಆದರೂ ಹರಡಿದ ಬಣ್ಣ ಒಂದೇ ಒಂದು ಭ್ರೂಣದಲ್ಲೂ ತುದಿಯವರೆಗೆ ಮುಟ್ಟಿರಲಿಲ್ಲ. ಜೈಂಟ್ ಹೋದ ಮೇಲೂ ಅಲ್ಲಿ ಈ ಎನ್‌ಹ್ಯಾನ್ಸರನ್ನು ಅದುಮುವ ಬೇರೆ ಪ್ರೋಟೀನುಗಳಿವೆ, ಸ್ಲಾಪಿ-ಪೇರ್ಡ್ ಅವುಗಳಲ್ಲೊಂದು. ನನ್ನ ಮುಂದಿನ ಸಂಕರಣ ಅದರದ್ದಾಯಿತು.