ಅರ್ಧ ಹೆಜ್ಜೆ ಹಿಂದೆ ನಿಂತು ಆಡುವ ಎಪೆ: ನನ್ನ ಅನುಭವ

"ಕಾಯ್ತಾ ನಿಂತ್ರೆ ಗೆಲ್ಲಲ್ಲ, ಮುಂದೆ ಹೋಗಿ ಹೊಡಿ" ಅಂತ ನನಗೆ ಹೇಳದವರು ಕಡಿಮೆ. ನಾನು ಆಡುವುದು ಎಪೆ, ಅಂದರೆ ಮೈಯ ಯಾವ ಭಾಗಕ್ಕೆ ತಾಗಿದರೂ ಅಂಕ ಸಿಗುವ ಫೆನ್ಸಿಂಗ್ (ಕತ್ತಿವರಸೆ). ಈ ಸಲ ರಾಜ್ಯಮಟ್ಟದ ಸೀನಿಯರ್‌ನಲ್ಲಿ ಕಾದು ಕಾದೇ ಸೆಮಿಫೈನಲ್‌ವರೆಗೆ ಹೋದೆ. ಹೇಗೆ ಅಂತ ತುಂಬಾ ಜನ ಕೇಳಿದರು, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಎತ್ತರ ಐದೂವರೆ ಅಡಿ. ಆರಡಿಯವರ ಎದುರು ಒಳಗೆ ನುಗ್ಗಿದರೆ ಅವರು ಕೈ ಚಾಚಿದರೆ ಸಾಕು, ನನ್ನ ಭುಜಕ್ಕೆ ಟಚ್, ಅವರಿಗೆ ಅಂಕ. ಇಲ್ಲವೇ ಡಬಲ್, ಅಂದರೆ ಒಟ್ಟಿಗೇ ತಾಗಿ ಇಬ್ಬರಿಗೂ ಅಂಕ. ಐದು ಟಚ್‌ಗೆ ಮುಗಿಯುವ ಪೂಲ್ ಸುತ್ತಿನಲ್ಲಿ 1-3 ಹಿಂದಿದ್ದಾಗ ಒಂದು ಡಬಲ್ ಆದರೆ 2-4, ಇನ್ನೊಂದಾದರೆ ಬೌಟೇ ಮುಗಿಯಿತು. ಎರಡು ಸೀಸನ್ ಹೀಗೇ ಹೋಯಿತು. ನುಗ್ಗಾಟದಲ್ಲಿ ಎಫ್‌ಐಇ (ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟ) ಮಾನ್ಯತೆಯ ಎರಡು ಬ್ಲೇಡ್ ಮುರಿದವು. ಕಸ್ಟಮ್ಸ್ ಎಲ್ಲಾ ಸೇರಿ ಒಂದಕ್ಕೆ ಹನ್ನೆರಡು ಸಾವಿರದ ಹತ್ತಿರ ಆಗಿತ್ತು. ಆಮೇಲೆ ಪ್ರಾಕ್ಟೀಸ್‌ಗೆ ಮೂರು ಸಾವಿರದ ಬ್ಲೇಡೇ ಗತಿ.

ಆಗ ಡಿಸ್ಟೆನ್ಸ್ ಒಂದನ್ನೇ ಹಿಡಿದು ಕೂತೆ. ಪಾರ್ಟ್ನರ್ ಯಾವಾಗ ಬೇಕಾದರೂ ಲಂಜ್ (ಮುಂಗಾಲು ಚಾಚಿ ನುಗ್ಗುವುದು) ಮಾಡಬಹುದು. ನಾನು ಬ್ಲೇಡ್ ಎತ್ತುವಂತಿಲ್ಲ, ಹಿಂದೆ ಸರಿಯುವುದು ಮಾತ್ರ. ಅವನ ಪಾಯಿಂಟ್ (ಬ್ಲೇಡ್ ತುದಿ) ನನ್ನ ಮಣಿಕಟ್ಟಿಗೆ ನಾಲ್ಕು ಬೆರಳು ಮುಂಚೆ ನಿಲ್ಲಬೇಕು. ಜಾಸ್ತಿ ದೂರ ಹೋದರೂ ಫೇಲ್, ಯಾಕೆಂದರೆ ಅಲ್ಲಿಂದ ತಿರುಗಿ ಹೊಡೆಯಲು ಆಗಲ್ಲ. ವಾರಗಟ್ಟಲೆ ಇದೇ. ಪಾರ್ಟ್ನರ್‌ಗೆ ಬೇಜಾರಾಗಿ, ದಿನಾ ಮಸಾಲೆ ದೋಸೆ ಕೊಡಿಸಿದರೆ ಮಾತ್ರ ಬರುತ್ತೇನೆ ಅಂದ. ಕೊಡಿಸಿದೆ.

ಟೈಮಿಂಗ್ ಕಲಿತಿದ್ದು ಫೋನಿನ ಸ್ಲೋ ಮೋಷನ್‌ನಿಂದ. ಎದುರಾಳಿಯ ಕೈ ಎಷ್ಟೇ ಆಡಲಿ, ಮುಂಗಾಲಿನ ಬೆರಳು ಏಳುವವರೆಗೆ ಅದು ಬರೀ ತೋರಿಕೆ. ಬೆರಳು ಎದ್ದ ಮೇಲೆ ಅವನು ಹಿಂದೆ ಹೋಗಲಾರ. ಆಗಲೇ ಕೈಗೆ ಹೊಡೆಯಬೇಕು. ಪಾದ ನೆಲ ಮುಟ್ಟುವ ತನಕ ಕಾದರೆ ಮತ್ತೆ ಡಬಲ್.

ನಡುವೆ ನೇರ ಹಿಡಿಕೆಯ ಫ್ರೆಂಚ್ ಗ್ರಿಪ್ ಹಿಡಿದೂ ನೋಡಿದೆ. ತುದಿಯಲ್ಲಿ ಹಿಡಿದರೆ ನಾಲ್ಕೈದು ಸೆಂಟಿಮೀಟರ್ ಉದ್ದ ಸಿಗುತ್ತದೆ, ನಿಜ. ಆದರೆ ಎದುರಾಳಿಯ ಬ್ಲೇಡಿನಿಂದ ಗಟ್ಟಿ ಬೀಟ್ (ಹೊಡೆತ) ಬಿದ್ದರೆ ಬ್ಲೇಡ್ ಎಲ್ಲೋ. ಒಂದು ತಿಂಗಳಲ್ಲಿ ಬೆರಳುಗಳಿಗೆ ಹೊಂದಿ ಕೂರುವ ಪಿಸ್ತೂಲ್ ಗ್ರಿಪ್‌ಗೆ ವಾಪಸ್ ಬಂದೆ. ಲಾಭ ಆಗಿದ್ದು ಟಿಪ್ ಸ್ಪ್ರಿಂಗ್‌ನಿಂದ, ಅಂದರೆ ಬ್ಲೇಡ್ ತುದಿಯ ಗುಂಡಿಯೊಳಗಿನ ಸ್ಪ್ರಿಂಗ್‌ನಿಂದ; ಆ ಗುಂಡಿ ಒತ್ತಿದರೆ ಟಚ್‌ನ ಲೈಟ್ ಹತ್ತುತ್ತದೆ. ಸುಮಾರು ಜನ ತೂಕದ ಪರೀಕ್ಷೆಯ ಭಯಕ್ಕೆ ಬಿಗಿ ಸ್ಪ್ರಿಂಗ್ ಹಾಕುತ್ತಾರೆ. ನನ್ನದು 750 ಗ್ರಾಂ ತೂಕವನ್ನು ಎತ್ತಿದರೆ ಆಯಿತು, ಅಷ್ಟೇ. ಮಣಿಕಟ್ಟಿಗೆ ಹಗುರವಾಗಿ ತಾಗಿದರೂ ಲೈಟ್ ಬರುತ್ತದೆ.

ಪ್ಯಾಸಿವಿಟಿಗೆ (ಆಡದೆ ಸುಮ್ಮನೆ ನಿಲ್ಲುವ ತಪ್ಪಿಗೆ) ಏನು ಮಾಡ್ತೀಯ ಅಂತ ಎಲ್ಲರೂ ಕೇಳುತ್ತಿದ್ದರು. ಡಿಇಯಲ್ಲಿ (ಪೂಲ್ ನಂತರದ ನಾಕೌಟ್ ಸುತ್ತು) ಒಂದು ನಿಮಿಷ ಟಚ್ ಇಲ್ಲದಿದ್ದರೆ ಪಿ-ಕಾರ್ಡ್, ಅಂದರೆ ಅದಕ್ಕೆ ಶಿಕ್ಷೆಯ ಕಾರ್ಡ್, ಗೊತ್ತಲ್ವಾ. ನಾನು ನಲವತ್ತು ಸೆಕೆಂಡ್ ಆಸುಪಾಸಿನಲ್ಲಿ ಅವನ ಪಾದಕ್ಕೆ ಒಂದು ಹೊಡೆತ ಹಾಕುತ್ತೇನೆ. ತಾಗದಿದ್ದರೂ ಪರವಾಗಿಲ್ಲ, ಅವನು ರೇಗಿ ಮುಂದೆ ಬರುತ್ತಾನೆ. ಅವನನ್ನು ಹೊರಡಿಸಲು ಇನ್ನೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯಲ್ಲ, ನ್ಯಾಷನಲ್ಸ್ ಹತ್ತಿರ ಇದೆ.

ಕ್ವಾರ್ಟರ್‌ಫೈನಲ್‌ನಲ್ಲಿ ಸಿಕ್ಕವನು ಉದ್ದನೆಯ ಎಡಗೈ ಆಟಗಾರ. 9-9 ಇದ್ದಾಗ ಅವನು ಮೂರು ಸಲ ಕೈ ಮುಂದೆ ಮಾಡಿದ, ನಾನು ಅಲುಗಲಿಲ್ಲ. ನಾಲ್ಕನೇ ಸಲ ಬೆರಳು ಎದ್ದಿತು. ಮಣಿಕಟ್ಟಿನ ಹೊರಬದಿಗೆ ಪಾಯಿಂಟ್ ಇಟ್ಟು ಹಿಂದೆ ಹಾರಿದೆ. ನನ್ನದೊಂದೇ ಲೈಟ್. ಆಮೇಲೆ ಅವನಿಗೆ ತಾಳ್ಮೆ ಉಳಿಯಲಿಲ್ಲ, 15-11. ಅವನ ಕೋಚ್ ಬಂದು, ಇಷ್ಟು ಹೊತ್ತು ನಿಂತು ಆಡುವವರನ್ನು ನೋಡಿಲ್ಲ ಅಂದರು. ಖುಷಿಯಾಯಿತು.

ಸೆಮಿಯಲ್ಲಿ ಎದುರಿಗಿದ್ದವನೂ ಕಾಯುವವನೇ. ಇಬ್ಬರಿಗೂ ಕಾರ್ಡ್ ಬಂತು, ಕೊನೆಗೆ 13-15ರಲ್ಲಿ ಸೋತೆ. ಅಂಥವನಿಗೆ ಬೇಕೆಂದೇ ಅರ್ಧ ಲಂಜ್ ಕೊಟ್ಟು, ಅವನು ಕೈಗೆ ಹೊಡೆಯಲು ಬಂದಾಗ ಪ್ಯಾರಿ ಹಿಡಿದು (ಬ್ಲೇಡ್ ತಡೆದು) ರಿಪೋಸ್ಟ್ (ತಿರುಗೇಟು) ಹಾಕುವುದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ. ಹತ್ತಕ್ಕೆ ಆರು ಕೂರುತ್ತಿದೆ.